ಎಷ್ಟು ಗಂಟು ತೊಯ್ದಾವ?

ಸೋಮವಾರ ಮಧ್ಯಾಹ್ನ ಈಳಿಗೆಯ ಮುಂದೆ ಕುಳಿತು ಉಪ್ಪಿನಕಾಯಿಗೆಂದು ಲಿಂಬೆಹಣ್ಣು ಹೆಚ್ಚುತ್ತಿದ್ದೆ. ವಾಡಿ ಸ್ಟೇಷನ್ನಿನಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ಊಟಕ್ಕೆ ಬಂದವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು. "ಸೇಡಂ ಗಾಡಿಯಾಗ ಬಂದವರು ಹೇಳಿದ್ರು. ಕಾಶೀಬಾಯಿ ಅಕ್ಕೋರು ಹೋದ್ರಂತ. ನಿನ್ನೆ ಸಂಜಿಗಿ" ಎಂದರು. ನನ್ನ ಕೈಯಲ್ಲಿ ಲಿಂಬೆಯ ಅರ್ಧ ಹೋಳಿತ್ತು. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಎರಡು ಭರಣಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದೆ. ಒಂದು ನಮಗೆ, ಇನ್ನೊಂದು ಅವರಿಗೆ.

ಕಲ್ಲು ನೆಕ್ಕುವ ಹೆಂಗಸು ಅಂತ ನಾನು ನೋಡಿದ್ದು ಅವರೊಬ್ಬರನ್ನೇ. ನಮ್ಮ ಓಣಿಯ ಹೆಣ್ಣುಮಕ್ಕಳ ಸಾಲೆಗೆ ಟೀಚರಾಗಿ ಬಂದವರು. ಎತ್ತರದ ಆಳು, ದಪ್ಪ ಚಷ್ಮಾ, ಬಗಲಲ್ಲಿ ಗಂಡಸರ ಕೊಡೆ. ದಾರಿಯಲ್ಲಿ ಬಿದ್ದ ಕಲ್ಲನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ, ನಾವು ಸಾರಿನ ಉಪ್ಪು ನೋಡುವ ಹಾಗೆ ನಾಲಿಗೆಯ ತುದಿಗೆ ಮುಟ್ಟಿಸಿ ಕಣ್ಣು ಮುಚ್ಚುತ್ತಿದ್ದರು. "ಇದು ಜೇಡಿ. ಮಣ್ಣಿನ ಕಲ್ಲು, ನಾಲಿಗಿಗಿ ಹತ್ಕೋತದ. ನೆಲಕ್ಕ ಹಾಸೋ ಪರಸಿ ಹತ್ತಂಗಿಲ್ಲ" ಎಂದು ಹುಡುಗಿಯರಿಗೂ ನೆಕ್ಕಿಸುತ್ತಿದ್ದರು. ಅವರ ತಂದೆ ಶಹಾಬಾದ ಕಡೆಯ ಖಣಿಯಲ್ಲಿ ಪರಸಿ ಕಲ್ಲು ಎಬ್ಬಿಸುತ್ತಿದ್ದವರಂತೆ. "ನಮ್ಮಪ್ಪಗ ಅಕ್ಷರ ಬರ್ತಿರಲಿಲ್ಲ ನೀಲಮ್ಮ. ಆದ್ರ ರೊಟ್ಟಿ ಪದರು ಬಿಡಿಸಿದಂಗ ಕಲ್ಲಿನ ಪದರು ಬಿಡಿಸ್ತಿದ್ದ" ಎಂದು ಒಮ್ಮೆ ನನಗೆ ಹೇಳಿದ್ದರು.

ಸಾಲೆಯ ಗೋಡೆಯ ಮೇಲೆ ಭೂಗೋಳದ ನಕಾಶೆ ಇತ್ತು. ಅದನ್ನು ಅವರು ತೋರಿಸಿದ್ದು ಕಡಿಮೆ. ಸೋಮವಾರ ಬಂತೆಂದರೆ ಹುಡುಗಿಯರನ್ನು ಸಾಲಾಗಿ ಓಣಿಯ ಬಾವಿಗೆ ಕರೆದುಕೊಂಡು ಹೋಗುವರು. ಮೊಳಕ್ಕೊಂದು ಗಂಟು ಹಾಕಿದ ಹಗ್ಗ, ಅದರ ತುದಿಗೆ ಒಂದು ಕಲ್ಲು. ತಳ ಮುಟ್ಟುವ ತನಕ ಬಿಡುವುದು, ಎಳೆಯುವುದು, ಎಷ್ಟು ಗಂಟು ತೊಯ್ದಿವೆ ಎಂದು ಎಣಿಸಿ ಸಾಲೆಯ ಗೋಡೆಗೆ ಇದ್ದಲಿಯಿಂದ ಬರೆಯುವುದು. ನನ್ನ ಮಗಳು ಶಾಂತಾ ಮನೆಗೆ ಬಂದು ಪಾಠ ಒಪ್ಪಿಸದೆ ಗಂಟಿನ ಸುದ್ದಿ ಹೇಳಿದಾಗ ನನಗೆ ಸಿಟ್ಟು ಬಂತು. ಸಾಲೆಗೇ ಹೋಗಿ ಕೇಳಿದೆ, "ಅಲ್ರೀ ಅಕ್ಕೋರೆ, ಹಗ್ಗ ಹಿಡಿಯೋದು ಕಲಿಲಾಕ ಸಾಲಿ ಬೇಕೇನ್ರಿ? ಮನಿಯಾಗ ನಾವೇ ಕಲಸ್ತೀವಿ."

"ಹಿಟ್ಟಿನ ಡಬ್ಬಿ ತೆರದು ನೋಡ್ಲಾರ್ದೆ ನೀವು ರೊಟ್ಟಿ ಬಡೀಲಾಕ ಕುಂದರ್ತೀರೇನು?" ಎಂದರು. "ಇಲ್ರಿ" ಎಂದೆ. "ಬಾವಿನೂ ಡಬ್ಬಿನೇ ಅಲ್ಲೇನ್ರಿ?" ಎಂದು ನಕ್ಕರು. ನಾನು ಮನೆಗೆ ಬಂದು ಹಿಟ್ಟಿನ ಡಬ್ಬಿ ತೆರೆದು ನೋಡಿದೆ.

ಮುಂದೆ ಎರಡು ವರ್ಷ ಮಳೆ ಕೈಕೊಟ್ಟಿತು. ಗೋಡೆಯ ಮೇಲೆ ಎಂಟು ಇದ್ದದ್ದು ಐದಾಯಿತು, ಮೂರಾಯಿತು, ಎರಡಕ್ಕೆ ಬಂತು. ಬೇರೆ ಬಾವಿಗೆ ಹೋಗಬೇಕೆಂದರೆ ರೈಲು ಹಳಿ ದಾಟಬೇಕು. ಓಣಿಯ ಹಿರಿಯರಾದ ರೇವಣಪ್ಪ ಕಾಕಾ ಜನ್ಮವಿಡೀ ಖಣಿಯಲ್ಲಿ ಮದ್ದು ಇಟ್ಟು ಬಂಡೆ ಸಿಡಿಸುವ ಸುರಂಗ ಹಾರಿಸಿದವರು. ಬಾವಿಯ ತಳಕ್ಕೂ ಮದ್ದು ಇಟ್ಟು ಒಡೆದರೆ ಕೆಳಗಿನ ನೀರು ಮೇಲೆ ಬರುತ್ತದೆ ಎಂದರು. ಎಲ್ಲರೂ ಒಪ್ಪಿದರು. ಅಕ್ಕೋರು ಒಬ್ಬರೇ ಬೇಡವೆಂದರು. "ಮೂವತ್ತು ವರ್ಷ ನಾ ಕಲ್ಲು ಒಡದೀನಿ. ಕಲ್ಲು ನೆಕ್ಕೋರ ಕಡಿಂದ ಈಗ ನಾ ಕಲೀಬೇಕೇನು?" ಎಂದು ಕಾಕಾ ಅಂದದ್ದಕ್ಕೆ ಗಂಡಸರೆಲ್ಲ ನಕ್ಕರು.

ಇನ್ನು ನನ್ನ ತಪ್ಪು ಹೇಳಬೇಕು.

ಅಮಾವಾಸ್ಯೆಯ ಬೆಳಿಗ್ಗೆ ನೀರಿಗೆ ಹೋದವಳಿಗೆ ಬಾವಿಯ ಮೆಟ್ಟಿಲ ಮೇಲೆ ಹಿಂಡಿದ ಅರ್ಧ ಲಿಂಬೆ, ಪಕ್ಕದಲ್ಲಿ ಬಿಳಿ ಪುಡಿ, ಒಂದು ತುಕ್ಕು ಹಿಡಿದ ಮೊಳೆ ಕಂಡವು. ನಮ್ಮ ಸೀಮೆಯಲ್ಲಿ ಬಾನಾಮತಿ ಅಂದರೆ ಗಟ್ಟಿ ಗಂಡಸರೂ ಹೆಜ್ಜೆ ಹಿಂದಿಡುತ್ತಾರೆ. ನಾನು ಕೊಡ ಅಲ್ಲೇ ಬಿಟ್ಟು, "ಬಾವಿಗಿ ಮಾಟ ಮಾಡ್ಯಾರ್ರಿ!" ಎಂದು ಒದರಿದೆ. ಓಣಿಯೇ ಕೂಡಿತು.

ಗದ್ದಲ ಕೇಳಿ ಅಕ್ಕೋರು ಬಂದರು. ಬೆರಳಿಗೆ ಕಲ್ಲು ಕೆರೆದ ಬಿಳಿ ಪುಡಿ ಹಾಗೇ ಇತ್ತು. "ಆ ಲಿಂಬಿ ನಂದೇ. ನಸಕಿನ್ಯಾಗ ಇಳದು ಕಲ್ಲು ನೋಡ್ಲಿಕತ್ತಿದ್ದೆ. ಅಮಾಸಿ ಅನ್ನೋದು ನೆನಪಿರಲಿಲ್ಲ" ಎಂದರು.

"ನಾ ಅವತ್ತೇ ಹೇಳಿಲ್ಲೇನು, ಕಲ್ಲು ನೆಕ್ಕೋಕಿ ಮನಷ್ಯಾಳಲ್ಲ ಅಂತ!" ಎಂದಳು ಪಕ್ಕದ ಮನೆಯ ಮುದುಕಿ ಹಣಮವ್ವ ಆಯಿ.

ಅಕ್ಕೋರು ಮೊಳೆ ಎತ್ತಿಕೊಂಡು ಬಾವಿಕಟ್ಟೆಯ ಪರಸಿಯನ್ನು ಕೆರೆದರು, ಲಿಂಬೆ ಹಿಂಡಿದರು. ಸಣ್ಣಗೆ ನೊರೆ ಎದ್ದಿತು. "ಯವ್ವಾ, ಕಲ್ಲಿಗಿ ಜೀವಾ ತುಂಬಿದಳು!" ಎಂದು ಆಯಿ ಮೊಮ್ಮಗಳನ್ನು ಎಳೆದುಕೊಂಡು ಹಿಂದೆ ಸರಿದಳು. ಅಕ್ಕೋರು ನಮ್ಮ ಕಡೆ ತಿರುಗಿ, "ಮನಿಯಾಗ ಪರಸಿ ಮ್ಯಾಲೆ ಲಿಂಬಿ ರಸ ಚೆಲ್ಲಿದ್ರ ಬೆಳ್ಳಗ ಕಲಿ ಬೀಳಂಗಿಲ್ಲೇನ್ರಿ? ಇದೂ ಅದೇ. ಪರಸಿಯಾಗ ಸುಣ್ಣ ಅದ, ಹುಳಿ ತಾಕಿದ್ರ ನೊರಿ ಬರ್ತದ. ಈಗ ಇದು ನೋಡ್ರಿ, ಬಾವಿ ತಳದ್ದು" ಎಂದು ಬೂದುಬಣ್ಣದ ಒಂದು ಚೂರಿನ ಮೇಲೆ ಹಿಂಡಿದರು. ಅದು ಸುಮ್ಮನಿತ್ತು. "ಇದು ಜೇಡಿ. ಇದರ ಮ್ಯಾಲೆ ನೀರು ನಿಂತದ. ಇದರ ಕೆಳಗ ಮತ್ತ ಬಿರುಕು ಬಿಟ್ಟ ಪರಸಿ. ಇದನ್ನ ಒಡದ್ರ ಗಡಗಿ ತಳಾ ಒಡದಂಗ. ಇದ್ದ ನೀರೂ ಸೋರಿ ಹೋಗ್ತದ." ಉಳಿದ ರಸವನ್ನು ತಂಬಿಗೆಯ ನೀರಿಗೆ ಹಿಂಡಿ, "ಮಾಟ ಇದ್ರ ಮೊದಲು ನನಗೇ ಬಡೀಲಿ" ಎಂದು ಗಟಗಟ ಕುಡಿದುಬಿಟ್ಟರು.

ಆ ಕಲೆಯ ಮಾತು ನನಗೆ ನಾಟಿತು. ಹೊಸದಾಗಿ ಬಂದಾಗ ನಡುಮನೆಯ ಪರಸಿಯ ಮೇಲೆ ಲಿಂಬೆ ರಸ ಚೆಲ್ಲಿ ಅತ್ತೆಯಿಂದ ಬೈಸಿಕೊಂಡವಳು ನಾನು. ಅಕ್ಕೋರು ಖರೇ ಹೇಳುತ್ತಿದ್ದಾರೆಂದು ಅಲ್ಲಿ ನಿಂತವರಲ್ಲಿ ನನಗಾದರೂ ಗೊತ್ತಾಗಿತ್ತು. ಆದರೂ ಬಾಯಿ ಬಿಡಲಿಲ್ಲ. ಮರುದಿನದಿಂದ ಸಾಲೆಗೆ ಹುಡುಗಿಯರು ಹೋಗಲಿಲ್ಲ. ಅಕ್ಕೋರು ಕೊಡ ಹಿಡಿದು ಬಂದರೆ ಹೆಂಗಸರು ಸೀರೆ ಒತ್ತಿಕೊಂಡು ಸರಿಯುತ್ತಿದ್ದರು. ಅವರನ್ನು ಬೇರೆ ಊರಿಗೆ ಹಾಕಿಸಲು ಅರ್ಜಿ ಬರೆಯುವ ಮಾತೂ ಬಂತು. ದೇವರ ಜಗುಲಿಯ ಮುಂದೆ ದೀಪ ಹಚ್ಚಿ ಕುಳಿತರೂ ಕಿವಿಯಲ್ಲಿ ನನ್ನ ಒದರಾಟವೇ ಕೇಳುತ್ತಿತ್ತು.

ಸೋಮವಾರ ಮದ್ದು ಇಡುವುದೆಂದು ಗೊತ್ತಾದ ದಿನ ಕಾಕಾನ ಮನೆಗೆ ಹೋದೆ. "ಕಾಕಾ, ಗಂಗಮ್ಮಗ ಐದು ಸೋಮವಾರದ ಹರಕಿ ಹೊತ್ತೀನ್ರಿ. ಬಾವಿಕಟ್ಟಿ ಮ್ಯಾಲೆ ಪೂಜಿ. ಅದು ಮುಗಿಯೋ ತನಕ ಮದ್ದು ಇಡಬಾರದು."

"ಯಾವಾಗ ಹೊತ್ತಿ?"

"ಆಗಲೇ ಹೊತ್ತೀನ್ರಿ" ಎಂದೆ. ಖರೇ ಅಂದರೆ, ಹೊಸ್ತಿಲು ದಾಟಿ ಬಾಯಿ ತೆರೆದಾಗಲೇ ನನಗೂ ಆ ಹರಕೆಯ ಸುದ್ದಿ ಗೊತ್ತಾದದ್ದು. ಸುಳ್ಳು ಆಡಿಸಿದ್ದೂ ಆ ತಾಯಿಯೇ ಇರಬೇಕು. ನಾಲಿಗೆ ತೊದಲಲಿಲ್ಲ, ಅದೂ ಅವಳ ದಯೆ. ದೇವರ ಕೆಲಸಕ್ಕೆ ಕಾಕಾ ಅಡ್ಡ ಬರಲಿಲ್ಲ.

ಮೊದಲ ಸೋಮವಾರ ಅಕ್ಕೋರ ಮನೆಗೆ ಹೋಗಿ ಅರಿಶಿಣ ಕುಂಕುಮ ಹಿಡಿದು ಕರೆದೆ. "ನನ್ನ ಕರೀಲಿಕತ್ತೀರಾ? ಲಿಂಬಿ ತರ್ಲೇನು?" ಎಂದು ಚಷ್ಮಾದೊಳಗಿನಿಂದ ನೋಡಿದರು. ಅಳು ಬಂದುಬಿಟ್ಟಿತು. "ಹಗ್ಗ ತರ್ರಿ ಅಕ್ಕೋರೆ" ಎಂದೆ. ನನ್ನ ಪಕ್ಕದಲ್ಲಿ ಅವರು ಕೂತದ್ದನ್ನು ನೋಡಿ ಒಬ್ಬೊಬ್ಬರೇ ಹೆಂಗಸರು ಬಂದು ಕೂತರು. ಆರತಿ ಆದ ಮೇಲೆ ಶಾಂತಾ ಹಗ್ಗ ಬಿಟ್ಟಳು. ಎರಡು ಗಂಟು. ಅಕ್ಕೋರ ಮಾತಿನಂತೆ ಮನೆಗೆ ಇಷ್ಟೇ ಕೊಡ ಎಂದು ನಾವೇ ಕಟ್ಟು ಮಾಡಿಕೊಂಡೆವು. ಎರಡನೆಯ ಸೋಮವಾರ ಎರಡು. ಮೂರನೆಯದಕ್ಕೂ ಎರಡೇ. ಇಳಿಯಲಿಲ್ಲವಲ್ಲ, ಅದೇ ದೊಡ್ಡದು.

ನಾಲ್ಕನೆಯ ಸೋಮವಾರ ಪ್ರಸಾದಕ್ಕೆ ಬಂದ ಕಾಕಾನನ್ನು ಅಕ್ಕೋರು ಕೇಳಿದರು, "ಕಾಕಾ, ನನಗ ತಿಳೀವಲ್ದು, ನೀವೇ ಹೇಳ್ರಿ. ನಿಮ್ಮ ಖಣಿಯಾಗ ನಿಂತ ನೀರು ಒಮ್ಮಿಂದೊಮ್ಮಿ ಮಾಯ ಆಗಿದ್ದು ಯಾವಾಗಾದ್ರೂ ಕಂಡೀರೇನು?"

ಕಾಕಾ ಕೈಯಲ್ಲಿದ್ದ ಸಕ್ಕರೆ ಬಾಯಿಗೆ ಹಾಕಲಿಲ್ಲ. "ಒಮ್ಮಿ ಆಗಿತ್ತು. ಸುರಂಗ ಹಾರಸಿದ ಮರುದಿನ ಹೊಂಡ ಬರಿದು. ಎತ್ತು ಕುಡಿಲಾಕ ನೀರಿರಲಿಲ್ಲ" ಎಂದರು. ಆಮೇಲೆ ತಾವಾಗಿಯೇ, "ಅದರ ತಳದಾಗೂ ಇಂಥಾ ಬೂದಿ ಕಲ್ಲೇ ಇತ್ತವಾ" ಎಂದರು.

"ಹಂಗಾದ್ರ ಕೆಳಗ ಹೋಗೋದು ಬ್ಯಾಡ್ರಿ. ಬಗಲಿಗಿ ಹೋಗೋಣು. ನೀರು ಜೇಡಿ ಮ್ಯಾಲೆ ಅಡ್ಡ ಹರೀತದ."

ಮದ್ದು ಹಾಗೇ ಉಳಿಯಿತು. ಕಾಕಾ ತಾವೇ ಉಳಿ ಸುತ್ತಿಗೆ ಹಿಡಿದು ಇಳಿದರು. ಗಂಡಸರು ಹೂಳು ಎತ್ತಿದರು. ಬದಿಯ ಕಲ್ಲನ್ನು ಜೇಡಿಯ ಮಟ್ಟದಲ್ಲಿ ಕಡಿಯುತ್ತ ಹೋದಂತೆ ಮೊದಲು ಬೆವರಿನಂತೆ ಪಸೆ, ಆಮೇಲೆ ನೂಲಿನಷ್ಟು ನೀರು. ಐದನೆಯ ಸೋಮವಾರ ಮೂರು ಗಂಟು ತೊಯ್ದವು. ಬಾವಿ ತುಂಬಲಿಲ್ಲ, ಪವಾಡವೇನೂ ಆಗಲಿಲ್ಲ. ಮಳೆ ಬರುವ ತನಕ ನಮ್ಮ ಓಣಿಯ ಹೆಂಗಸರು ಹಳಿ ದಾಟಲಿಲ್ಲ. ಹಣಮವ್ವ ಆಯಿ ಮೊಮ್ಮಗಳನ್ನು ತಾನೇ ಸಾಲೆಗೆ ಬಿಟ್ಟು, "ಕಲ್ಲು ನೆಕ್ಕಸ್ರಿ, ಆದ್ರ ತೊಳದು ನೆಕ್ಕಸ್ರಿ" ಎಂದಳು.

ಹರಕೆಯ ನಿಜವನ್ನು ಅಕ್ಕೋರಿಗೆ ಹೇಳಿದೆ. ಚಷ್ಮಾ ಜಾರುವಷ್ಟು ನಕ್ಕು, "ಒದರಿದವರೂ ನೀವೇ, ಬಾವಿ ಉಳಿಸಿದವರೂ ನೀವೇ" ಎಂದರು.

ಮುಂದೆ ಅವರಿಗೆ ಚಿಂಚೋಳಿ ಕಡೆಗೆ ವರ್ಗವಾಯಿತು. ರಿಟೈರಾಗಿ ಸೇಡಂನಲ್ಲಿ ತಮ್ಮನ ಮನೆ ಸೇರಿದರು. ಕಾರ್ಡು ಬರೆದರೆ ಮೊದಲ ಸಾಲು ಕ್ಷೇಮದ್ದಲ್ಲ, "ಎಷ್ಟು ಗಂಟು ತೊಯ್ದಾವ?" ಎಂದೇ. ಹೋದ ವರ್ಷ ಭರಣಿ ಕೊಡಲು ಹೋದಾಗ ಹಾಸಿಗೆ ಹಿಡಿದಿದ್ದರು. ಅದೇ ಪ್ರಶ್ನೆ. ಓಣಿಗೆ ನಳ ಬಂದು ನಾವು ಬಾವಿಯ ಕಡೆ ನೋಡುವುದನ್ನೇ ಬಿಟ್ಟಿದ್ದೆವು. ದೇವರ ಹೆಸರಿನಲ್ಲಿ ಸುಳ್ಳು ಆಡಿದ ನನ್ನ ಬಾಯಿಗೆ ಅವರ ಮುಂದೆ ಸುಳ್ಳು ಬರಲಿಲ್ಲ. "ನೋಡಿಲ್ರಿ. ನಳಾ ಬಂದದ" ಎಂದೆ.

ಅವರು ಬೈಯಲಿಲ್ಲ. "ನಳಾ ಬಂತಂದ್ರ ಭೂಮಿ ಹೊಸಾ ನೀರು ಹಡೀತೇನ್ರಿ? ಮುಂದಿನ ಸಲ ಭರಣಿ ಜೋಡಿ ಲೆಕ್ಕನೂ ತರ್ರಿ" ಎಂದರು.

ಬಂದವಳೇ ಅಟ್ಟದಿಂದ ಹಗ್ಗ ಇಳಿಸಿದೆ. ಅರ್ಧ ಇಲಿ ತಿಂದಿತ್ತು. ಬಟ್ಟೆ ಒಣಹಾಕುವ ಹಗ್ಗಕ್ಕೆ ಗಂಟು ಹಾಕಿದೆ. ಅಂದಿನಿಂದ ಒಂದು ಸೋಮವಾರ ತಪ್ಪಿಸಿಲ್ಲ. ಅಡುಗೆಮನೆಯ ಗೋಡೆಯ ಮೇಲೆ ಎಲ್ಲ ಬರೆದಿದೆ. ಈ ಬಾರಿ ಭರಣಿಯ ಜೊತೆ ಆ ಲೆಕ್ಕವನ್ನೂ ಒಯ್ಯಬೇಕೆಂದಿದ್ದೆ.

ಎದ್ದು ಹೊಸ್ತಿಲ ಹತ್ತಿರ ಹೋಗಿ, ಕೈಯಲ್ಲಿದ್ದ ಅರ್ಧ ಹೋಳನ್ನು ಪರಸಿಯ ಮೇಲೆ ಹಿಂಡಿದೆ. ಸಣ್ಣಗೆ ನೊರೆ ಬಂತು. ಕಲೆ ಉಳಿಯುತ್ತದೆ, ಉಳಿಯಲಿ. "ಆರ್ರಿ ಅಕ್ಕೋರೆ. ಇವತ್ತು ಮುಂಜಾನಿ ಆರು ಗಂಟು ತೊಯ್ದಾವ" ಎಂದೆ.

"ಏನಂದಿ?" ಎಂದರು ನಮ್ಮ ಮನೆಯವರು.

"ಏನಿಲ್ಲ, ಕೈಕಾಲು ತೊಳ್ಕೋರಿ" ಎಂದು ಅವರಿಗೆ ರೊಟ್ಟಿ ಬಡಿಸಿದೆ. ಹೆಚ್ಚಿದ ಲಿಂಬೆ ಗಾಳಿಗೆ ಒಣಗತೊಡಗಿತ್ತು. ಉಪ್ಪಿನ ಡಬ್ಬಿ ತೆರೆದು ನೋಡಿ, ಈಳಿಗೆಯ ಮುಂದೆ ಕುಳಿತೆ.