ಆನೆಯ ಬಾಲ ಕದ್ದವಳು

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಘಾಟು ದಾಟಿ ಬೇರೆ ವಾಸನೆ ಮೂಗಿಗೆ ಬರಬೇಕಾದರೆ ಹಳೆಯ ಟ್ರಂಕನ್ನೇ ತೆಗೆಯಬೇಕು. ಹೋದ ವಾರ ತೆಗೆದೆ. ಒಣ ಬೇವಿನೆಲೆಯ ವಾಸನೆ ಬಂತು, ಅದರ ಹಿಂದೆಯೇ ನನ್ನ ಕಳ್ಳತನದ ನೆನಪೂ ಬಂತು.

ಹಾವೇರಿಯಲ್ಲಿರುವ ನಮ್ಮ ಯಜಮಾನರ ಅಕ್ಕನಿಗೆ ಮೊಮ್ಮಗ ಹುಟ್ಟಿದ್ದ. ಅವನಿಗೆ ಕುಂಚಿಗೆ ಆಗಬೇಕು. ಕುಂಚಿಗೆ ಎಂದರೆ ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಟೊಪ್ಪಿಗೆ. ಅತ್ತೆಯವರು ಮೋಟೆಬೆನ್ನೂರಿನ ತವರಿನಿಂದ ತಂದ ಹಳೆಯ ಕುಂಚಿಗೆಯೊಂದು ಆ ಟ್ರಂಕಿನಲ್ಲಿದೆ. ಮನೆಯಲ್ಲಿ ಕೂಸು ಹುಟ್ಟಿದಾಗಲೆಲ್ಲ ಅದನ್ನು ಎದುರಿಗಿಟ್ಟು, ಬಟ್ಟೆಯ ಎಳೆ ಎಣಿಸಿ, ಅದೇ ಕಸೂತಿ ಆನೆಯನ್ನು ಹೊಸದಕ್ಕೆ ಇಳಿಸುವುದು ನಮ್ಮ ಪದ್ಧತಿ.

ನಾನು ಎಳೆ ಎಣಿಸಿ ಹೊಲಿಯುತ್ತಿದ್ದರೆ, ರಾಣೆಬೆನ್ನೂರಿನ ಕಾಲೇಜಿಗೆ ಹೋಗುವ ಮಗಳು ಗಂಗಾ ಪಕ್ಕದಲ್ಲಿ ಪರೀಕ್ಷೆಗೆ ಓದುತ್ತಿದ್ದಳು. ಜೀವಕೋಶ ಎರಡಾಗುವ ಮೊದಲು ತನ್ನೊಳಗಿನ ಡಿಎನ್‌ಎ ಎಂಬ ಜೋಡಿ ಎಳೆಯನ್ನು ಬಿಚ್ಚಿ, ಒಂದೊಂದು ಹಳೆಯ ಎಳೆಯ ಪಕ್ಕದಲ್ಲೂ ಹೊಸದೊಂದನ್ನು ಹೆಣೆಯುತ್ತದಂತೆ. ಹೆಣೆಯುವ ಕಿಣ್ವ ತಪ್ಪಿದರೆ ತಾನೇ ಹಿಂದೆ ಸರಿದು, ತಪ್ಪನ್ನು ಕತ್ತರಿಸಿ, ಸರಿಯಾದುದನ್ನು ಕೂರಿಸುತ್ತದಂತೆ. ಅದರ ಕಣ್ಣನ್ನೂ ತಪ್ಪಿಸಿದ್ದನ್ನು ಹಿಡಿಯಲು ಹಿಂದಿನಿಂದ ಬೇರೆಯವರೇ ಬರುತ್ತಾರಂತೆ. ಈ ಕೆಲಸವನ್ನು ದೇವರು ನನ್ನ ಕೈಗೆ ಕೊಡಲಿಲ್ಲವಲ್ಲ ಎಂದು ಮನಸ್ಸಿನಲ್ಲೇ ಕೈ ಮುಗಿದೆ.

"ತಪ್ಪು ಸಿಕ್ಕಾಗ ಹೊಸಾ ಎಳೀನಽ ತಿದ್ದಬೇಕವ್ವಾ," ಅಂದಳು ಗಂಗಾ. "ಹಳೇದನ್ನ ತಿದ್ದಿದ್ರ ತಪ್ಪು ಖಾಯಂ ಆಗಿಬಿಡ್ತೈತಿ."

ನನ್ನ ಕೈಯ ಸೂಜಿ ನಿಂತಿತು.

ನಾನು ಹೊಸ ಸೊಸೆಯಾಗಿದ್ದಾಗ ಅಕ್ಕನವರ ಮೊದಲ ಕೂಸಿಗೆ ಕುಂಚಿಗೆ ಮಾಡುವ ಕೆಲಸ ನನಗೆ ಬಿತ್ತು. ನಮ್ಮ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ದಾರ ಹೋಗುತ್ತ ಒಂದು ಬಿಟ್ಟು ಒಂದು ಹೊಲಿಗೆ, ಬರುತ್ತ ಬಿಟ್ಟ ಜಾಗ ತುಂಬಬೇಕು. ಹಿಂದೆ ಮುಂದೆ ಒಂದೇ ಥರ ಕಾಣಬೇಕು. ತಪ್ಪಿದರೆ ಆನೆಯನ್ನೇ ಪೂರ್ತಿ ಬಿಚ್ಚಬೇಕೆಂದು ಅತ್ತೆಯವರ ಕಟ್ಟಪ್ಪಣೆ. ಎರಡು ಸಲ ಬಿಚ್ಚಿಸಿದರು. ಮೂರನೆಯ ಆನೆ ಮುಗಿಸಿ ನೋಡುತ್ತೇನೆ, ಬಾಲವೇ ಇಲ್ಲ. ಆಗ ನನ್ನ ಬುದ್ಧಿ ಎಷ್ಟು ಚುರುಕಾಯಿತೆಂದರೆ, ಸಣ್ಣ ಕತ್ತರಿ ತೆಗೆದುಕೊಂಡು ಹಳೆಯ ಆನೆಯ ಬಾಲವನ್ನೂ ಬಿಚ್ಚಿಬಿಟ್ಟೆ. ಎರಡೂ ಒಂದೇ ಥರ ಆದವು. ಮರು ಶನಿವಾರ ಕದರಮಂಡಲಗಿಗೆ ಹೋಗಿ ಹನುಮಪ್ಪನಿಗೆ ತಪ್ಪುಗಾಯಿ ಒಡೆಸಿದೆ. ಅಷ್ಟುದ್ದ ಬಾಲವಿರುವ ದೇವರ ಮುಂದೆ ಮುಖ ಎತ್ತಲು ಮಾತ್ರ ಆಗಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಬಳಗದ ಕೂಸುಗಳೆಲ್ಲ ಮೋಟು ಆನೆ ಹೊತ್ತೇ ಬೆಳೆದವು.

ಟ್ರಂಕು ತೆಗೆದ ದಿನವೇ ಮಧ್ಯಾಹ್ನ ಅಕ್ಕನವರು ಹಾವೇರಿಯಿಂದ ಬಂದರು. ಹಳೆಯ ಕುಂಚಿಗೆಯನ್ನು ಗಂಗಾಳಿಗೆ ತೋರಿಸಿ, ಬಾಲವಿಲ್ಲದ ಆನೆ ಮೋಟೆಬೆನ್ನೂರು ಮನೆತನದ ಗುರುತು, ಹಿರಿಯರು ಏನೋ ಅರ್ಥವಿಟ್ಟೇ ಮಾಡಿದ್ದಾರೆ ಎಂದು ವಿವರಿಸತೊಡಗಿದರು. ಮಗಳು ಭಕ್ತಿಯಿಂದ ತಲೆಯಾಡಿಸುತ್ತಿದ್ದಳು. ಇನ್ನು ಸುಮ್ಮನಿದ್ದರೆ ನನ್ನ ಕಳ್ಳತನ ಪುರಾಣವೇ ಆಗುತ್ತದೆ ಅನ್ನಿಸಿತು. ಎದೆ ಗಟ್ಟಿ ಮಾಡಿಕೊಂಡೆ.

"ಅಕ್ಕಾರ, ಹಿರೇರದು ಏನೂ ಇಲ್ರಿ. ಬಾಲ ನಾನಽ ಬಿಚ್ಚೇನಿ."

ನಾನು ಮಂಚದ ಮೇಲಿದ್ದ ಅತ್ತೆಯವರ ಕಡೆ ನೋಡಿದೆ. ಅವರ ಕಣ್ಣು ಈಗ ಮಂಜಾಗಿವೆ. ಕುಂಚಿಗೆ ಇಸಿದುಕೊಂಡು ಆನೆಯ ಹಿಂಭಾಗವನ್ನು ಬೆರಳಿನಿಂದ ಸವರಿದರು.

"ಸೂಜಿ ತೂತು ಇನ್ನೂ ಅದಾವು. ನನಗ ಅವತ್ತಽ ಗೊತ್ತಾಗಿತ್ತು," ಅಂದರು. "ಮೂರನೇ ಸಲಾನೂ ಬಿಚ್ಚಂದಿದ್ರ ನೀ ಸೂಜೀನಽ ಹಿಡೀತಿದ್ದಿಲ್ಲ. ಬಾಲ ಹೋದ್ರ ಹೋಗ್ಲಿ, ಸೊಸಿ ಉಳೀಲಿ ಅಂತ ಸುಮ್ನಾದೆ."

ಇಷ್ಟು ವರ್ಷ ನನ್ನ ತಪ್ಪನ್ನು ನಾನು ಮುಚ್ಚಿಟ್ಟಿದ್ದೇನೆ ಅಂದುಕೊಂಡಿದ್ದೆ. ಮುಚ್ಚಿಟ್ಟವರು ಅವರು.

ಅಕ್ಕನವರ ಚಿಂತೆ ಬೇರೆಯೇ ಇತ್ತು. "ಬೀಗರ ಮುಂದೆಲ್ಲಾ ಮೆರದೇನಿ. ಈಗ ಬಾಲ ಹಚ್ಚಿದ್ರ ಏನ್ ಹೇಳ್ಲಿ?" ಅಂದರು. ಕೊನೆಗೆ ಹಳೆಯ ಆನೆಗೆ ಬಾಲ, ಹೊಸ ಕೂಸಿಗೆ ಮೋಟು ಆನೆ ಎಂದು ತೀರ್ಮಾನವಾಯಿತು. ತಪ್ಪು ಒಮ್ಮೆ ವಂಶಕ್ಕೆ ಇಳಿದ ಮೇಲೆ ಅದೂ ವಂಶದ್ದೇ ಅಂತೆ, ಗಂಗಾಳ ಪುಸ್ತಕದ ಪ್ರಕಾರ.

ಸಂಜೆ ದೀಪ ಹಚ್ಚಿ, ಕೆಂಪು ದಾರ ಪೋಣಿಸಿ, ಹಳೆಯ ತೂತುಗಳಲ್ಲೇ ಬಾಲ ಹೊಲಿದೆ. ಗಂಗಾ ಬಟ್ಟೆ ತಿರುಗಿಸಿ ಹಿಂಬದಿ ನೋಡಿದಳು.

"ಅವ್ವಾ, ಒಂದು ಹೊಲಿಗಿ ತಪ್ಪೇತಿ ನೋಡು. ಬಿಚ್ಚು."

ಮಂಚದ ಮೇಲಿಂದ ಅತ್ತೆಯವರು ಕಿಸಕ್ಕನೆ ನಕ್ಕದ್ದು ಕೇಳಿಸಿತು. ನಾನು ಬಿಚ್ಚಿದೆ.