ಭಂಡಾರದ ಹಳದಿ ಸುಡಗೊಡದ ಅಫ್ರೀನ

ಜತ್ತ ಸೀಮೆಯ ಮಾಡಗ್ಯಾಳದಲ್ಲಿ ಒಂದು ಮನೆಯ ಮುಂದೆ ಬೆಳಗಾಗುವಷ್ಟರಲ್ಲೇ ಟೆಂಪೊ ಬಂದು ನಿಂತಿದೆ. ತಬ್ಬಲಿ ಮರಿಯಾಗಿದ್ದಾಗಿನಿಂದ ಬಾಟಲಿ ಹಾಲು ಕುಡಿಸಿ ಬೆಳೆಸಿದ ಬಿಳಿ ಟಗರನ್ನು ರುಕ್ಮವ್ವ ಮಾರಿದ್ದಾರೆ. ಭಂಡಾರ, ಅಂದರೆ ದೇವರ ಅರಿಶಿನದ ಪುಡಿ, ಹಚ್ಚದೆ ಟಗರನ್ನು ಕಳಿಸುವ ರೂಢಿ ಈ ಮನೆಯಲ್ಲಿಲ್ಲ. ಅದರ ಹಣೆಯ ಮೇಲೆ ಮೂರು ಬೆರಳಿನಿಂದ ಅರಿಶಿನ ಎಳೆದ ಮೇಲೆಯೇ ಫೋಟೊ. ಇನ್ನು ರುಕ್ಮವ್ವನಿಗೆ ಉಳಿಯುವುದು ಅದೊಂದೇ.

ನೆಲಕ್ಕೆ ಮೊಣಕಾಲೂರಿ ಕ್ಯಾಮೆರಾ ಹಿಡಿದಿರುವವರು ಜತ್ತದ ಅಫ್ರೀನ. ಅಪ್ಪ ರಸೂಲರದು ಪಾಸ್‌ಪೋರ್ಟ್ ಫೋಟೊ ತೆಗೆಯುವ ಪುಟ್ಟ ಅಂಗಡಿ. ಮಗಳು ಕ್ಯಾಮೆರಾ ಹೆಗಲಿಗೇರಿಸಿ ಕುರಿಗಳ ಹಿಂದೆ ಹೊರಟಾಗ ಪೇಟೆಯವರು ನಕ್ಕಿದ್ದೇ ನಕ್ಕಿದ್ದು. "ನಗಲಿ ಬಿಡ್ರಿ. ಕುರಿ ಏನ್ ನಗಂಗಿಲ್ಲಲ್ಲ," ಎನ್ನುತ್ತಾರೆ ಅಫ್ರೀನ.

ಬಿಳಿ ಕೂದಲು, ಮೇಲೆ ಹಳದಿ, ಅದರ ಮೇಲೆ ಬಿಸಿಲು. ಮೊದಲ ಚಿತ್ರ ಪರದೆಯಲ್ಲಿ ಝಗಝಗ ಹೊಳೆಯುತ್ತದೆ. ಅವರ ಕೆಲಸ ನೋಡಲು ಜೊತೆಗೆ ಬಂದಿದ್ದ ನನಗೆ ಅದು ಚಂದವೇ ಕಂಡಿತು. ಅಫ್ರೀನ ಮಾತ್ರ ಬೆಳಕಿನ ಗ್ರಾಫ್ ನೋಡಿ ತಲೆಯಾಡಿಸುತ್ತಾರೆ. ಒಟ್ಟು ಬೆಳಕಿನ ಗೆರೆ ಸರಿಯಿದ್ದರೂ ಹಳದಿಯೊಳಗಿನ ಕೆಂಪನ್ನು ತೋರಿಸುವ ಗೆರೆ ಬಲತುದಿಗೆ ಹೋಗಿ ಬಡಿದಿದೆ. ಅಂದರೆ ಬೆಳಕು ಅತಿಯಾಗಿ ಹಳದಿ ಸುಟ್ಟಿದೆ, ಬೆರಳಿನ ಗುರುತೆಲ್ಲ ಕಲಸಿ ಒಂದೇ ಕಲೆಯಾಗಿದೆ.

ಅವರು ಕ್ಯಾಮೆರಾದಲ್ಲಿ ಬೆಳಕು ಇಳಿಸಿ ಮತ್ತೆ ಕ್ಲಿಕ್ಕಿಸುತ್ತಾರೆ. ಪರದೆ ನೋಡಿದ ರುಕ್ಮವ್ವನ ಮುಖ ಸಪ್ಪಗಾಗುತ್ತದೆ.

"ಏನ್ ತಂಗಿ, ನನ್ನ ಟಗರಿಗೆ ಮಸಿ ಬಳದಂಗ ಕಾಣತೈತಲ್ಲ! ಮೊದಲಿನ ಫೋಟೊನ ಚಲೋ ಇತ್ತು."

ಡ್ರೈವರ್ ಹಾರ್ನ್ ಬಾರಿಸುತ್ತಾನೆ. ಅಫ್ರೀನ ಜಗ್ಗುವುದಿಲ್ಲ.

"ಕಪ್ಪಾದದ್ದು ಮ್ಯಾಲೆ ಎತ್ತಬಹುದ್ರಿ, ಆಯಿ. ಸುಟ್ಟದ್ದು ಹೊಳ್ಳಿ ಬರಂಗಿಲ್ಲ. ಸಂಜಿತನಾ ತಡೀರಿ."

ಅವರು ತೆಗೆಯುವುದು ರಾ ಫೋಟೊ, ಕ್ಯಾಮೆರಾ ತಾನಾಗಿ ತಿದ್ದದೆ ಇಟ್ಟುಕೊಳ್ಳುವ ಹಸಿ ಚಿತ್ರ. ನೆರಳಿನಲ್ಲಿ ಅಡಗಿದ್ದನ್ನು ಆಮೇಲೆ ಹೊರಗೆಳೆಯಬಹುದು. ಆದರೆ ಟೆಂಪೊ ಹೋದಮೇಲೆ ಇನ್ನೊಂದು ಫೋಟೊ ಇಲ್ಲ. ಟಗರನ್ನು ಹೊತ್ತು ಅದು ಹೊರಟಾಗ ರುಕ್ಮವ್ವ ಆ ಕಡೆ ನೋಡಲೇ ಇಲ್ಲ.

ಮಧ್ಯಾಹ್ನ ಜತ್ತದಲ್ಲಿ ಅಪ್ಪನ ಅಂಗಡಿಯ ಕಂಪ್ಯೂಟರಿನ ಮುಂದೆ ಅಫ್ರೀನ ನೆರಳನ್ನು ಮೆಲ್ಲಗೆ ಎತ್ತುತ್ತಾರೆ. "ಭಾಳ ಎತ್ತಿದರ ಚಿತ್ರದ ತುಂಬ ರವಾ ಚೆಲ್ಲಿದಂಗ ಕಾಣತೈತ್ರಿ." ಕಣ್ಣಿನ ಸುತ್ತಲ ಕಂದು ಮಚ್ಚೆ, ಬಾಗಿದ ಮೂಗು ಒಂದೊಂದಾಗಿ ಮೇಲೇಳುತ್ತವೆ.

ಸಂಜೆ ಮಾಡಗ್ಯಾಳಕ್ಕೆ ಮರಳಿ ಪ್ರಿಂಟ್ ಕೊಟ್ಟಾಗ ರುಕ್ಮವ್ವ ಅದನ್ನು ಬೆಳಕಿಗೆ ಹಿಡಿಯುತ್ತಾರೆ. ಆಮೇಲೆ ಚಿತ್ರದಲ್ಲಿನ ಟಗರಿನ ಹಣೆಯ ಮೇಲೆ ಮೆಲ್ಲಗೆ ಕೈಯಾಡಿಸುತ್ತಾರೆ. "ನನ್ನ ಬೆರಳು ಇಲ್ಲೇ ಅದಾವ."

ಊರು ಬಿಡುವಾಗ ಅಫ್ರೀನರನ್ನು ಕೇಳುತ್ತೇನೆ, ಇನ್ನೇನು ಆಸೆ ಅಂತ.

"ನಾ ತಗದ ಫೋಟೊ ಮಂದಿ ಮುಟ್ಟಿ ನೋಡಬೇಕ್ರಿ. ಅಷ್ಟ."