ನಾದಿನಿಯ ಕಿವಿ, ನನ್ನ ದನಿ

ನಾನು ನಾಗಮಂಗಲದ ಕಡೆಯವಳು. ಮದುವೆಯಾಗಿ ಬೆಳಗೊಳಕ್ಕೆ ಬಂದಾಗ ಮನೆಯಲ್ಲಿ ಅತ್ತೆ, ನನ್ನ ಗಂಡ ಮತ್ತು ಅವರ ತಂಗಿ ಇದ್ದರು. ನಾದಿನಿಯ ವಿಷಯವನ್ನು ಯಾರೂ ನನ್ನಿಂದ ಮುಚ್ಚಿಟ್ಟಿರಲಿಲ್ಲ. "ನಮ್ಮುಡ್ಗಿ ವಸಿ ನಿಧಾನ ಕಣವ್ವ, ಮಗೀನಂಗೆ. ನೀನು ಒಂದ್ಕಂಡು ಓಗ್ಬೇಕು," ಎಂದು ಅತ್ತೆ ಹೆಣ್ಣು ನೋಡಲು ಬಂದ ದಿನವೇ ಹೇಳಿದ್ದರು. ಡೌನ್ ಸಿಂಡ್ರೋಮ್ ಎಂಬ ಹೆಸರು ನನಗೆ ತಿಳಿದದ್ದು ಆಮೇಲೆ, ಅವಳ ಹಳೆಯ ಆಸ್ಪತ್ರೆ ಚೀಟಿಯೊಂದರಲ್ಲಿ. ವಯಸ್ಸಿನಲ್ಲಿ ಅವಳು ನನಗಿಂತ ಎರಡು ವರ್ಷ ದೊಡ್ಡವಳು. ಆದರೂ ವರಸೆಯಲ್ಲಿ ನಾನು ಅತ್ತಿಗೆ. ಆ ಪದ ಅವಳ ನಾಲಗೆಗೆ ಹೊರಳುತ್ತಿರಲಿಲ್ಲ, "ತೀ" ಅನ್ನುತ್ತಿದ್ದಳು.

ಅವಳು ಒಳ್ಳೆಯವಳು. ಕೊಟ್ಟಿಗೆ ಗುಡಿಸುತ್ತಿದ್ದಳು, ಹಸುವಿಗೆ ಹುಲ್ಲು ಹಾಕುತ್ತಿದ್ದಳು, ಒಗೆದ ಬಟ್ಟೆಯನ್ನು ನನಗಿಂತ ಅಚ್ಚುಕಟ್ಟಾಗಿ ಮಡಿಸುತ್ತಿದ್ದಳು. ಒಂದೇ ತೊಂದರೆ. ನಾನು ಕರೆದರೆ ಬರುತ್ತಿರಲಿಲ್ಲ. ಅಡುಗೆಮನೆಯಿಂದ ನಾಲ್ಕು ಸಲ ಕೂಗಿದರೂ ಜಗಲಿಯಲ್ಲಿ ಕಲ್ಲಿನ ಹಾಗೆ ಕೂತಿರುತ್ತಿದ್ದಳು. ಅದೇ ಅವಳ ಅಣ್ಣ ಹಿತ್ತಿಲಿನಿಂದ ಒಮ್ಮೆ "ಲೇ" ಅಂದರೆ ಸಾಕು, ಎದ್ದು ಓಡುವಳು. ದೂರದ ರಸ್ತೆಯಲ್ಲಿ ಟ್ರಾಕ್ಟರು ಬಂದರೂ ಎಲ್ಲರಿಗಿಂತ ಮೊದಲು ಬಾಗಿಲಿಗೆ ಹೋಗಿ ನಿಲ್ಲುವಳು.

"ಅವಳಿಗೆ ಬೇಕಾದ್ದು ಮಾತ್ರ ಕೇಳ್ತದೆ ಕಣವ್ವ. ಅಟ ಜಾಸ್ತಿ," ಎನ್ನುತ್ತಿದ್ದರು ಅತ್ತೆ. ನಾನೂ ಅದನ್ನೇ ನಂಬಿದೆ. ನಂಬಿದ್ದಷ್ಟೇ ಅಲ್ಲ, ಮನಸ್ಸಿನೊಳಗೆ ಅದಕ್ಕೆ ಇನ್ನೊಂದಿಷ್ಟು ಸೇರಿಸಿಕೊಂಡೆ. ನಾನು ಹೊರಗಿನಿಂದ ಬಂದವಳು, ಅದಕ್ಕೇ ನನ್ನ ಮಾತಿಗೆ ಇಷ್ಟು ಅಸಡ್ಡೆ ಎಂದುಕೊಂಡೆ. ಅತ್ತೆ ತೀರಿಕೊಂಡ ಮೇಲೆ ಅವಳ ಜವಾಬ್ದಾರಿ ಪೂರ್ತಿ ನನ್ನದಾಯಿತು. ಎಷ್ಟೋ ದಿನ ಅವಳ ತೋಳು ಹಿಡಿದು ಜಗ್ಗಿಕೊಂಡೇ ಊಟಕ್ಕೆ ಕರೆತಂದಿದ್ದೇನೆ. ಬೈದೂ ಇದ್ದೇನೆ.

ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನಲ್ಲಿ ಇಂಥವರಿಗಾಗಿ ಗುರುವಾರ ಗುರುವಾರ ಸಂಗೀತ ಚಿಕಿತ್ಸೆ ಶುರುವಾಗಿದೆ ಎಂದು ಹೇಳಿದ್ದು ನಮ್ಮೂರಿನ ಆಶಾ ಕಾರ್ಯಕರ್ತೆ. ನನ್ನ ಗಂಡ ನಕ್ಕರು. "ಆಡು ಯೇಳಿ ವಾಸಿ ಮಾಡಾರಾ? ಓಗ್ಲಿ ಬುಡು, ಕರ್ಕೊಂಡೋಗು. ಅವಳ್ಗೂ ಬಸ್ಸಲ್ಲಿ ಕೂತಂಗಾಯ್ತದೆ," ಎಂದರು. ನಿಜ ಹೇಳಬೇಕೆಂದರೆ ನಾನೂ ಹೊರಟಿದ್ದು ವಾರಕ್ಕೊಂದು ದಿನ ಮನೆಯಿಂದ ಹೊರಗೆ ಕಾಲಿಡಬಹುದು ಎಂಬ ಆಸೆಗೆ.

ಅಲ್ಲಿ ಒಂದು ಉದ್ದನೆಯ ಕೋಣೆ, ನೆಲಕ್ಕೆ ಜಮಖಾನ. ಏಳೆಂಟು ಮಂದಿ ಸುತ್ತ ಕೂತಿದ್ದರು. ಪಾಂಡವಪುರದಿಂದ ಬಂದವರಿದ್ದರು. ಕೆ.ಆರ್. ಪೇಟೆ ಕಡೆಯ ಸಂತೆಬಾಚಹಳ್ಳಿಯಿಂದ ಒಬ್ಬ ಯಜಮಾನರು ಎರಡು ಬಸ್ಸು ಬದಲಾಯಿಸಿ ಮಗಳನ್ನು ಕರೆತಂದಿದ್ದರು. ಚಿಕಿತ್ಸೆ ನಡೆಸುವ ಮೇಡಂ ಮೈಸೂರಿನವರು, ಹೆಚ್ಚುಕಡಿಮೆ ನನ್ನ ವಯಸ್ಸಿನವರು. ಮೊದಲನೆಯ ದಿನವೇ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು: "ಡೌನ್ ಸಿಂಡ್ರೋಮ್ ಕಾಯಿಲೆ ಅಲ್ಲ, ಆದ್ದರಿಂದ ವಾಸಿ ಮಾಡ್ತೀನಿ ಅಂತ ನಾನು ಹೇಳೋದಿಲ್ಲ. ಆದ್ರೆ ತಾಳದ ಜೊತೆ ಸೇರಿಸಿದ್ರೆ ಕೆಲವರಿಗೆ ಮಾತು ಸುಲಭ ಆಗುತ್ತೆ. ಇನ್ನೊಬ್ಬರಿಗೆ ಕಾಯೋದು, ಜೊತೆಗೆ ಸೇರೋದು ಬರುತ್ತೆ. ನೋಡೋಣ."

ಮೇಡಂ ಒಬ್ಬೊಬ್ಬರ ಹೆಸರನ್ನೂ ರಾಗವಾಗಿ ಹಾಡುತ್ತಿದ್ದರು. ಹೆಸರು ಬಂದವರು ಕೈಯಲ್ಲಿದ್ದ ಕಂಜೀರವನ್ನೋ ಗೆಜ್ಜೆಯನ್ನೋ ಬಾರಿಸಿ "ಬಂದೆ" ಎನ್ನಬೇಕು. ಸಂತೆಬಾಚಹಳ್ಳಿಯವರ ಮಗಳು ಎದ್ದು ಕುಣಿದೇಬಿಟ್ಟಳು. ನನ್ನ ನಾದಿನಿ ಮಾತ್ರ ಬೆನ್ನು ತಿರುಗಿಸಿ ಗೋಡೆ ನೋಡುತ್ತಾ ಕೂತಳು. ಎರಡನೆಯ ವಾರವೂ ಅಷ್ಟೆ. ನನಗೆ ನಾಚಿಕೆಯಾಗಿ, "ಇವಳು ಯಾರ ಮಾತೂ ಕೇಳಲ್ಲ ಮೇಡಂ," ಎಂದೆ.

ಮೂರನೆಯ ವಾರ ಮೇಡಂ ಒಂದು ದೊಡ್ಡ ಡೊಳ್ಳು ತಂದಿದ್ದರು. ಅದರ ಮೇಲೆ ಮೊದಲ ಪೆಟ್ಟು ಬಿದ್ದದ್ದೇ ತಡ, ನಾದಿನಿ ಗಕ್ಕನೆ ತಿರುಗಿದಳು. ಎದ್ದುಹೋಗಿ ಡೊಳ್ಳಿನ ಮುಂದೆ ಕೂತು, ಚರ್ಮಕ್ಕೆ ಕೆನ್ನೆ ಆನಿಸಿ ಕಣ್ಣು ಮುಚ್ಚಿಕೊಂಡಳು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳ ಬೆನ್ನ ಹಿಂದೆ ನಿಂತು ಗೆಜ್ಜೆ ಅಲ್ಲಾಡಿಸಿದರು. ಅವಳು ಮಿಸುಕಲಿಲ್ಲ. ತಾಳ ತಟ್ಟಿದರು, ಆಗಲೂ ಇಲ್ಲ. ಡೊಳ್ಳಿಗೆ ಮೆಲ್ಲಗೆ ಒಂದು ಏಟು ಹಾಕಿದರು. ತಿರುಗಿದಳು.

"ಇವರ ಕಿವಿ ಯಾವಾಗಾದ್ರೂ ಡಾಕ್ಟರಿಗೆ ತೋರಿಸಿದ್ದೀರಾ?" ಎಂದು ಮೇಡಂ ಕೇಳಿದರು.

"ಕಿವಿ ಕೇಳ್ತದೆ ಮೇಡಂ. ಅವ್ರಣ್ಣ ಕರುದ್ರೆ ಓಡೋಗ್ತಾಳೆ. ನಾನ್ ಕರುದ್ರೆ ಮಾತ್ರ ಇಲ್ಲ."

ಅವರು ನನ್ನ ಮುಖವನ್ನೇ ನೋಡಿದರು. "ಅವರಣ್ಣನದು ದಪ್ಪ ದನಿನಾ?"

ಹೌದು. ನನ್ನ ಗಂಡನದು ನಗಾರಿಯಂಥ ದನಿ. ನನ್ನದು ಸಣ್ಣ, ಕೀರಲು ದನಿ. ಸಿಟ್ಟು ಬಂದಷ್ಟೂ ಇನ್ನೂ ಮೇಲಕ್ಕೇರುವಂಥದ್ದು. ಇಂಥವರಲ್ಲಿ ಕಿವಿಯ ತೊಂದರೆ ಸಾಮಾನ್ಯ, ವಯಸ್ಸಾಗುವ ಮೊದಲೇ ಗೆಜ್ಜೆಯಂಥ ಸಣ್ಣ, ಕೀರಲು ದನಿಗಳು ಕೇಳದಂತಾಗುವುದೂ ಉಂಟು, ಪರೀಕ್ಷೆ ಮಾಡಿಸಿ ಎಂದರು ಮೇಡಂ. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ನನಗೆ ಅವಳ ಕಡೆ ತಿರುಗಿ ನೋಡಲೂ ಆಗಲಿಲ್ಲ. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದು, ಅವಳಿಗೆ ನಾನು ಕೇಳಿಸಿಯೇ ಇರಲಿಲ್ಲ.

ಮೈಸೂರಿನ ಡಾಕ್ಟರು ಮೊದಲು ಕಿವಿಯಲ್ಲಿ ಗಟ್ಟಿಕಟ್ಟಿದ್ದ ಗುಗ್ಗೆ ತೆಗೆದರು. ಆಮೇಲೆ ಪರೀಕ್ಷೆ ಮಾಡಿ ಮೇಡಂ ಊಹಿಸಿದ್ದನ್ನೇ ಹೇಳಿದರು. ಎರಡು ಕಿವಿಗೂ ಶ್ರವಣ ಯಂತ್ರ ಬೇಕಾಯಿತು. ನನ್ನ ಗಂಡ ಆಸ್ಪತ್ರೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದರು. "ನಮ್ಮವ್ವನ್ಗೂ ಗೊತ್ತಾಗ್ನಿಲ್ಲ, ನನ್ಗೂ ಗೊತ್ತಾಗ್ನಿಲ್ಲ. ಒಡುಟ್ಟಿದೋನು ಅಂತ ಯಾಕಿರ್ಬೇಕು ನಾನು," ಎಂದರು.

"ಇಂಗ್ಯಾಕಂತೀರಿ? ಈಗ ಗೊತ್ತಾಯ್ತಲ್ಲ," ಎಂದೆ. ಅವರಿಗೆ ಹೇಳಿದೆನೋ ನನಗೇ ಹೇಳಿಕೊಂಡೆನೋ ತಿಳಿಯದು.

ಮೊದಲ ಒಂದು ವಾರ ಕಷ್ಟವೇ ಆಯಿತು. ಸ್ಟೀಲ್ ತಟ್ಟೆ ಕೆಳಗೆ ಬಿದ್ದರೆ ಅಳುವಳು. ಕುಕ್ಕರ್ ಕೂಗಿದರೆ ಯಂತ್ರ ಕಿತ್ತು ಅಕ್ಕಿ ಡಬ್ಬಿಯೊಳಗೆ ಹಾಕುವಳು. ಡಾಕ್ಟರು ಹೇಳಿದ್ದಂತೆ ದಿನಕ್ಕೆ ಅರ್ಧ ಗಂಟೆ, ಆಮೇಲೆ ಒಂದು ಗಂಟೆ ಎಂದು ಹೆಚ್ಚಿಸುತ್ತಾ ಹೋದೆವು. ಒಂದು ಬೆಳಗ್ಗೆ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸಾಸಿವೆ ಚಟಪಟ ಎನ್ನುತ್ತಿದ್ದಂತೆ ಅವಳು ಬಂದು ಬಾಣಲೆಯ ಮೇಲೆ ಬಗ್ಗಿದಳು. ಮೂವತ್ತಾರು ವರ್ಷದವಳು ಸಾಸಿವೆ ಸಿಡಿಯುವುದನ್ನು ಮೊದಲ ಸಲ ಕೇಳಿದವಳ ಹಾಗೆ ಬಾಯಿಬಿಟ್ಟು ನೋಡಿದಳು. "ಇನ್ನ," ಎಂದಳು. ಇನ್ನೊಂದು ಚಮಚ ಹಾಕಿದೆ. "ಇನ್ನ." ಆ ದಿನದ ಸಾರನ್ನು ನನ್ನ ಗಂಡ ಸುಮ್ಮನೆ ಉಂಡರು.

ಗುರುವಾರದ ಪಾಠವೂ ಬದಲಾಯಿತು. ಈಗ ಅವಳು ಗೋಡೆ ನೋಡುವುದಿಲ್ಲ. ಡೊಳ್ಳಿನ ಪಕ್ಕ ಅವಳ ಜಾಗ. ಬೇರೆ ಯಾರಾದರೂ ಕೂತರೆ ಜಗಳ. ಮೇಡಂ ಒಂದೊಂದು ಪದವನ್ನೂ ಏಟಿಗೊಂದು ಅಕ್ಷರದಂತೆ ಬಿಡಿಸಿ ಹಾಡಿಸುತ್ತಾರೆ, ಅವಳು ಅಂಗೈಯಲ್ಲಿ ತಟ್ಟುತ್ತಾ ಹಿಂದೆಯೇ ಹೇಳುತ್ತಾಳೆ. ನನಗೂ ಮನೆಯಲ್ಲಿ ಹೇಗೆ ಮಾಡಬೇಕೆಂದು ಕಲಿಸಿದರು. ದನಿ ಇಳಿಸಿ, ಎದುರು ಕೂತು, ನಿಧಾನವಾಗಿ. ಸಂಜೆ ಹಾಲು ಕರೆಯುವ ಹೊತ್ತಿಗೆ ಖಾಲಿ ಬಕೆಟ್ಟು ಬೋರಲು ಹಾಕಿಕೊಂಡು ಇಬ್ಬರೂ ಕೂರುತ್ತೇವೆ. ಹುಲ್-ಲು. ಬೆಳ್-ಳುಳ್-ಳಿ. ಹೀಗೇ ಒಂದು ಸಂಜೆ, ನಾನು ಹೇಳಿಕೊಡದೆಯೇ, ಅವಳು ಮೂರು ಏಟು ಹಾಕಿ ನನ್ನ ಕಡೆ ನೋಡಿ "ಅತ್-ತಿ-ಗೆ" ಎಂದಳು. ಹಾಲು ಕರೆಯುತ್ತಿದ್ದ ನನ್ನ ಗಂಡನ ಕೈ ನಿಂತುಹೋಯಿತು. ಹಸು ಒದೆಯುವುದೊಂದು ಬಾಕಿ.

ಎಲ್ಲಾ ಮಾತೂ ಬಂದುಬಿಟ್ಟಿತು ಎಂದೇನಲ್ಲ. ಉದ್ದನೆಯ ಮಾತು ಈಗಲೂ ಅರ್ಧಕ್ಕೇ ನಿಲ್ಲುತ್ತದೆ. ಹಠವೂ ಇದೆ, ಅದು ನಿಜವಾದ ಹಠವೇ. ನಾನು ಬೈಯಲು ಬಾಯಿ ತೆರೆದರೆ ಎರಡು ಕಿವಿಯ ಯಂತ್ರವನ್ನೂ ತೆಗೆದು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾಳೆ. "ಇದೊಂದು ಒಳ್ಳೆ ವಿದ್ಯೆ ಕಲ್ತವ್ಳೆ. ನಮ್ಮನೇಲಿ ನನ್ಗೂ ಬೇಕಾಗಿತ್ತು," ಎಂದು ಒಂದು ಗುರುವಾರ ಅದನ್ನು ನೋಡಿ ಸಂತೆಬಾಚಹಳ್ಳಿಯ ಯಜಮಾನರು ನಕ್ಕರು.

ಕಳೆದ ಬೇಸಿಗೆಯಲ್ಲಿ ಮೇಡಂಗೆ ಎರಡು ವಾರ ಬರಲಾಗಲಿಲ್ಲ. ನನಗೆ ಫೋನು ಮಾಡಿ, "ಈ ಎರಡು ವಾರ ಪಾಠ ನೀವೇ ನಡೆಸಿ," ಎಂದರು. ಶಾಲೆ ಬಿಟ್ಟ ಮೇಲೆ ನಾಲ್ಕು ಜನರ ಮುಂದೆ ನಾನು ಹಾಡಿದ್ದೇ ಇಲ್ಲ. ಜಮಖಾನ ಹಾಸಿ, ಎಲ್ಲರನ್ನೂ ಸುತ್ತ ಕೂರಿಸಿ, ಬಾಯೇ ಬಾರದೆ ನಿಂತಿದ್ದೆ. ನಾದಿನಿ ಕಾದು ಕಾದು ಬೇಸತ್ತು ತಾನೇ ಡೊಳ್ಳು ಹೊಡೆದಳು. ಒಮ್ಮೆ, ಇನ್ನೊಮ್ಮೆ. ಆಮೇಲೆ ನನ್ನ ಹೆಸರನ್ನೇ, ಮೇಡಂ ರಾಗದಲ್ಲಿ, ಅಪಸ್ವರದಲ್ಲಿ ಹಾಡಿದಳು. ಅವಳು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. "ಬಂದೆ," ಎಂದೆ. ಪಾಠ ಶುರುವಾಯಿತು.